ಮಂಡಿಯ ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಅಂಗಳಕ್ಕೆ ಇಳಿಯುವುದು ಹೇಗೆ?

ನನ್ನ ಫಿಸಿಯೋಥೆರಪಿ ಕೊಠಡಿಗೆ ಬರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಇದು: "ಆಪರೇಷನ್ ಆಗಿ 3 ತಿಂಗಳಾಯಿತು. ನೋವಿಲ್ಲ, ಚೆನ್ನಾಗಿ ನಡೆಯುತ್ತೇನೆ. ಇನ್ನು ಆಡಬಹುದಲ್ಲವೇ?" ಕೇಳುವವರಲ್ಲಿ ಕಬಡ್ಡಿ ಹುಡುಗರಿದ್ದಾರೆ, ಸಂಜೆ ಶಟಲ್ ಆಡುವ ಬ್ಯಾಂಕ್ ನೌಕರರಿದ್ದಾರೆ, ಭರತನಾಟ್ಯ ಕಲಿಸುವ ಶಿಕ್ಷಕಿಯರಿದ್ದಾರೆ, ಸ್ಕೂಟರ್ ಜಾರಿ ಬಿದ್ದವರಿದ್ದಾರೆ, ಗದ್ದೆಯ ಕೆಸರಿನಲ್ಲಿ ಪಾದ ಹೂತುಕೊಂಡು ಮೈ ಮಾತ್ರ ತಿರುಗಿ ಮಂಡಿ ಕೆಡಿಸಿಕೊಂಡ ರೈತರೂ ಇದ್ದಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ಆಡಬೇಡಿ, ಇದು ನಿಮ್ಮ ಮಂಡಿ ಅತ್ಯಂತ ದುರ್ಬಲವಾಗಿರುವ ಕಾಲ. ಯಾಕೆ ಎಂದು ವಿವರಿಸಲು ಒಬ್ಬೊಬ್ಬರಿಗೂ ಅರ್ಧ ಗಂಟೆ ಬೇಕಾಗುತ್ತದೆ. ಆದ್ದರಿಂದ ಮೊದಲ ದಿನದಿಂದ ಮೊದಲ ಪಂದ್ಯದವರೆಗಿನ ದಾರಿಯನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೊಟ್ಟಿರುವ ವಾರ, ತಿಂಗಳುಗಳು ಸಾಮಾನ್ಯ ಲೆಕ್ಕ. ನಿಮ್ಮ ಶಸ್ತ್ರಚಿಕಿತ್ಸಕರು ಬೇರೆ ಹೇಳಿದ್ದರೆ ಅವರ ಮಾತೇ ಅಂತಿಮ. ಮಂಡಿಯ ಒಳಗೆ ಏನೇನು ರಿಪೇರಿಯಾಗಿದೆ ಎಂದು ಕಣ್ಣಾರೆ ಕಂಡವರು ಅವರು.

ಮಂಡಿಯ ಒಳಗೆ ಏನು ನಡೆದಿದೆ?

ಎಸಿಎಲ್ ಎಂದರೆ ತೊಡೆಯ ಮೂಳೆಯನ್ನು ಕಣಕಾಲಿನ, ಅಂದರೆ ಮಂಡಿಯ ಕೆಳಗಿನ ಕಾಲಿನ, ಮೂಳೆಗೆ ಮಂಡಿಯ ನಟ್ಟನಡುವೆ ಓರೆಯಾಗಿ ಬಿಗಿದಿರುವ ಒಂದು ಲಿಗಮೆಂಟ್, ಅಂದರೆ ಅಸ್ಥಿರಜ್ಜು. ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ಅಡ್ಡಾದಿಡ್ಡಿ ತಿರುಚಿಕೊಳ್ಳದಂತೆ ಹಿಡಿಯುವುದು ಅದರ ಕೆಲಸ. ಓಡುತ್ತಿದ್ದವರು ತಟ್ಟನೆ ನಿಂತಾಗ, ನೆಗೆದು ಇಳಿದಾಗ, ಪಾದ ಊರಿ ಮೈ ತಿರುಗಿಸಿದಾಗ ಅದು ಹರಿಯುತ್ತದೆ. ಯಾರೂ ಮುಟ್ಟಬೇಕೆಂದಿಲ್ಲ. "ಪಟ್ ಎಂದು ಶಬ್ದ ಬಂತು, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡಿತು" ಎಂದು ಬಹಳ ಮಂದಿ ಹೇಳುತ್ತಾರೆ.

ಪೂರ್ತಿ ಹರಿದ ಎಸಿಎಲ್ ಅನ್ನು ಹೊಲಿದು ಕೂಡಿಸುವುದು ಅಪರೂಪ. ಸಾಮಾನ್ಯವಾಗಿ ನಿಮ್ಮದೇ ಮೈಯಿಂದ ಒಂದು ಸ್ನಾಯುರಜ್ಜನ್ನು ತೆಗೆದು ಆ ಜಾಗಕ್ಕೆ ಕಸಿ ಮಾಡುತ್ತಾರೆ. ಸ್ನಾಯುರಜ್ಜು ಎಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಅದನ್ನು ತೊಡೆಯ ಹಿಂಭಾಗದಿಂದಲೋ, ಮಂಡಿಚಿಪ್ಪಿನ ಕೆಳಗಿನಿಂದ ಅಥವಾ ಮೇಲಿನಿಂದಲೋ, ಕಣಕಾಲಿನ ಹೊರಬದಿಯಿಂದಲೋ ತೆಗೆಯುತ್ತಾರೆ.

ಮಾವಿನ ಗಿಡಕ್ಕೆ ಕಸಿ ಕಟ್ಟಿದವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಕಟ್ಟಿದ ದಿನ ಕಸಿಯನ್ನು ಹಿಡಿದಿರುವುದು ಕಟ್ಟು ಮಾತ್ರ. ಜೀವರಸ ಹರಿದು ಎರಡೂ ಒಂದಾಗುವುದಕ್ಕೆ ಕಾಲ ಬೇಕು. ಮಂಡಿಯಲ್ಲೂ ಹಾಗೆಯೇ. ಮೊದಲಿಗೆ ಸ್ಕ್ರೂ ಅಥವಾ ಅಂಗಿಯ ಗುಂಡಿಯಂಥ ಸಾಧನ ಕಸಿಯನ್ನು ಹಿಡಿದಿರುತ್ತದೆ. ಕಸಿ ರಜ್ಜಿಗೆ ತನ್ನದೇ ರಕ್ತ ಸಂಚಾರ ಇರುವುದಿಲ್ಲ. ಮುಂದಿನ ವಾರಗಳಲ್ಲಿ ಅದರ ಹಳೆಯ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳಗಳು ಹಬ್ಬುತ್ತವೆ, ಹೊಸ ಕೋಶಗಳು ಬಂದು ನೆಲೆಸುತ್ತವೆ. ಈ ಬದಲಾವಣೆಯ ನಡುವೆ, ಸುಮಾರು 6ರಿಂದ 12ನೇ ವಾರದ ಸುತ್ತಮುತ್ತ, ಕಸಿ ರಜ್ಜು ಹಾಕಿದ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ಅದು ನಿಜವಾದ ಲಿಗಮೆಂಟ್‌ನಂತೆ ಬಲಿಯಲು 1 ವರ್ಷ, ಕೆಲವರಲ್ಲಿ 2 ವರ್ಷವೂ ಹಿಡಿಯುತ್ತದೆ.

ಈಗ ಹೊರಗಿನ ಚಿತ್ರ ನೋಡಿ. ಅದೇ 8ರಿಂದ 12ನೇ ವಾರದಲ್ಲಿ ನೋವು ಹೋಗಿರುತ್ತದೆ, ಊರುಗೋಲು ಮೂಲೆ ಸೇರಿರುತ್ತದೆ, ಗೆಳೆಯರು ತಂಡಕ್ಕೆ ಕರೆಯುತ್ತಿರುತ್ತಾರೆ. ನಿಮಗೆ ಅತಿ ಹೆಚ್ಚು ಧೈರ್ಯ ಬರುವ ಕಾಲವೂ ಕಸಿ ಅತಿ ದುರ್ಬಲವಾಗಿರುವ ಕಾಲವೂ ಒಂದರ ಮೇಲೊಂದು ಬಂದು ಕೂರುತ್ತವೆ. 11ನೇ ವಾರದಲ್ಲಿ ಊರ ಜಾತ್ರೆಯ ಪಂದ್ಯಕ್ಕೆ "ಬರೀ ಒಂದು ರೈಡ್" ಎಂದು ಇಳಿದ ಹುಡುಗನೊಬ್ಬನನ್ನು ಎರಡನೇ ಶಸ್ತ್ರಚಿಕಿತ್ಸೆಗೆ ಕಳಿಸಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ. ಈ ಲೇಖನದಲ್ಲಿ ನಿಮಗೆ ಬೇರೇನೂ ನೆನಪುಳಿಯದಿದ್ದರೂ ಈ ಒಂದು ವಿಷಯ ಉಳಿಯಲಿ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಬಿಡುಗಡೆಯ ದಿನವೇ ವೈದ್ಯರನ್ನು ಮೂರು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಕಸಿಯನ್ನು ಎಲ್ಲಿಂದ ತೆಗೆದಿದ್ದೀರಿ? ಮೆನಿಸ್ಕಸ್ ಹೊಲಿದಿದ್ದೀರಾ? ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಎಂದಿನಿಂದ?

ಎರಡನೆಯ ಪ್ರಶ್ನೆ ಬಹಳ ಮುಖ್ಯ. ಮೆನಿಸ್ಕಸ್ ಎಂದರೆ ಮಂಡಿಯ ಎರಡು ಮೂಳೆಗಳ ನಡುವೆ ಗಾದಿಯಂತೆ ಕೂತಿರುವ ಮೃದ್ವಸ್ಥಿ. ಎಸಿಎಲ್ ಹರಿದಾಗ ಅದೂ ಹರಿದಿರುವುದು ಸಾಮಾನ್ಯ. ಹರಿದ ತುಂಡನ್ನು ಕತ್ತರಿಸಿ ತೆಗೆದಿದ್ದರೆ ನಿಮ್ಮ ದಾರಿ ಹೆಚ್ಚು ಬದಲಾಗುವುದಿಲ್ಲ. ಹೊಲಿದಿದ್ದರೆ ಬದಲಾಗುತ್ತದೆ. ಭಾರ ಹಾಕುವುದಕ್ಕೂ ಮಂಡಿಯನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸುವುದಕ್ಕೂ ಹಲವು ವಾರ ತಡೆ ಇರುತ್ತದೆ. ಪಕ್ಕದ ಮನೆಯವರು 2 ವಾರಕ್ಕೆ ನಡೆದರು, ನಾನೇಕೆ 6 ವಾರ ಊರುಗೋಲು ಹಿಡಿಯಬೇಕು ಎಂದು ಕೊರಗುವವರ ಉತ್ತರ ಬಹುಪಾಲು ಈ ಹೊಲಿಗೆಯಲ್ಲೇ ಇರುತ್ತದೆ.

ಸಾಮಾನು ಹೆಚ್ಚೇನೂ ಬೇಡ. ಎರಡು ಟವೆಲ್, ದರ್ಜಿಯ ಅಳತೆ ಟೇಪು, ಸೀಮೆಸುಣ್ಣ, ಗಟ್ಟಿಯಾದ ಕುರ್ಚಿ, ಒಂದು ಮೆಟ್ಟಿಲು, ಭಾರಕ್ಕೆ ಅಕ್ಕಿ ತುಂಬಿದ ಬೆನ್ನಚೀಲ. ಒಂದು ನೋಟ್‌ಬುಕ್ ಇರಲೇಬೇಕು. ದಿನಕ್ಕೊಂದು ಸಾಲು ಬರೆದವರು 2 ತಿಂಗಳ ನಂತರ ಮುಂದಡಿ ಇಡುತ್ತಿದ್ದೇವೆ ಎಂದು ಕಾಗದದ ಮೇಲೆ ನೋಡುತ್ತಾರೆ. ಬರೆಯದವರು "ಏನೂ ಸುಧಾರಿಸಿಲ್ಲ" ಎಂದು ಮಧ್ಯದಲ್ಲೇ ಬಿಟ್ಟುಬಿಡುತ್ತಾರೆ.

ಫಿಸಿಯೋಥೆರಪಿಸ್ಟ್ ಒಬ್ಬರ ಕಣ್ಣಾದರೂ ಇರಲಿ. ಪ್ರತಿದಿನ ಹೋಗಲು ಹಣ, ಸಮಯ ಎರಡೂ ಎಲ್ಲರಿಗೂ ಇರುವುದಿಲ್ಲ ಎಂದು ನನಗೆ ಗೊತ್ತು. ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗವಿದೆ, ವಿಚಾರಿಸಿ. 2-3 ವಾರಕ್ಕೊಮ್ಮೆ ತೋರಿಸಿ, ಮುಂದಿನ ಹಂತವನ್ನು ಕಲಿತು ಬಂದು ಮನೆಯಲ್ಲಿ ಮಾಡಿದರೂ ಸಾಕು. ಮನೆಯಲ್ಲಿ ಮಾಡುವುದನ್ನು ಮಾತ್ರ ತಪ್ಪಿಸಬೇಡಿ.

ಪ್ರತಿದಿನದ ತೀರ್ಪುಗಾರ: ಊತದ ಪರೀಕ್ಷೆ

ಹಂತಗಳಿಗೆ ಹೋಗುವ ಮೊದಲು ಇದನ್ನು ಕಲಿತುಕೊಳ್ಳಿ. ವ್ಯಾಯಾಮ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನಿಮಗೆ ನೋವಿಗಿಂತ ಚೆನ್ನಾಗಿ ಹೇಳುವುದು ಊತ.

ಗಾಯ ಪೂರ್ತಿ ಮಾಗಿದ ಮೇಲೆ, ಬೆಳಿಗ್ಗೆ ಹಾಸಿಗೆಯಲ್ಲೇ ಕಾಲು ಚಾಚಿ, ತೊಡೆಯನ್ನು ಸಡಿಲ ಬಿಡಿ. ಮಂಡಿಚಿಪ್ಪಿನ ಒಳಬದಿಯಲ್ಲಿ, ಅಂದರೆ ಇನ್ನೊಂದು ಕಾಲಿನ ಕಡೆಗೆ, ಒಂದು ಸಣ್ಣ ತಗ್ಗು ಇರುತ್ತದೆ. ಅಂಗೈಯಿಂದ ಆ ಜಾಗವನ್ನು ಕೆಳಗಿನಿಂದ ಮೇಲಕ್ಕೆ, ತೊಡೆಯ ಕಡೆಗೆ, ಎರಡು ಮೂರು ಸಲ ಮೆತ್ತಗೆ ಸವರಿ. ಒಳಗಿನ ನೀರು ಮೇಲಕ್ಕೆ ಸರಿದು ತಗ್ಗು ಎದ್ದು ಕಾಣುತ್ತದೆ. ಈಗ ಮಂಡಿಚಿಪ್ಪಿನ ಹೊರಬದಿಯನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಸವರಿ. ಕಣ್ಣು ಮಾತ್ರ ಒಳಬದಿಯ ತಗ್ಗಿನ ಮೇಲಿರಲಿ. ಕೆರೆಯ ದಡಕ್ಕೆ ಬರುವ ಪುಟ್ಟ ಅಲೆಯಂತೆ ಅಲ್ಲೊಂದು ಉಬ್ಬು ಎದ್ದರೆ ಮಂಡಿಯೊಳಗೆ ನೀರಿದೆ ಎಂದರ್ಥ.

ಅಲೆ ಇಲ್ಲ, ಅಥವಾ ಇದ್ದೂ ಇಲ್ಲದಂತಿದೆ: ನಿನ್ನೆಯ ವ್ಯಾಯಾಮ ಸರಿಯಾಗಿತ್ತು, ಮುಂದುವರಿಯಿರಿ. ಅಲೆ ನಿನ್ನೆಗಿಂತ ದೊಡ್ಡದಾಗಿದೆ: ನಿನ್ನೆ ಮಾಡಿದ್ದು ಹೆಚ್ಚಾಯಿತು, ಎರಡು ದಿನ ಅರ್ಧಕ್ಕೆ ಇಳಿಸಿ. ಹೊರಬದಿ ಸವರುವ ಮೊದಲೇ ತಗ್ಗು ತಾನಾಗಿ ತುಂಬಿಕೊಳ್ಳುತ್ತಿದೆ: ಓಟ, ನೆಗೆತ ಎರಡೂ ಬೇಡ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ನೋವಿಗೂ ಒಂದು ಅಳತೆ ಇಟ್ಟುಕೊಳ್ಳಿ. ಸೊನ್ನೆಯಿಂದ 10ರವರೆಗೆ ಅಂಕ ಕೊಟ್ಟರೆ ವ್ಯಾಯಾಮದ ವೇಳೆ 2-3ರಷ್ಟು ನೋವು ಬಂದರೆ ಹೆದರಬೇಕಿಲ್ಲ, ಅದು 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಮಾತ್ರೆ ನುಂಗಿ ನೋವು ಅಡಗಿಸಿಕೊಂಡು ವ್ಯಾಯಾಮ ಮಾಡಬೇಡಿ. ತೀರ್ಪುಗಾರನ ಬಾಯಿ ಕಟ್ಟಿ ಆಡಿದಂತೆ ಅದು.

ಹಂತ 1: ಮೊದಲ 2 ವಾರ. ಕಾಲು ನೆಟ್ಟಗಾಗಲಿ

ಎಲ್ಲರೂ ಮಡಿಸುವುದರ ಬಗ್ಗೆಯೇ ಚಿಂತಿಸುತ್ತಾರೆ. ನನಗೆ ಚಿಂತೆ ಕಾಲು ನೆಟ್ಟಗಾಗುವುದರ ಬಗ್ಗೆ. ಮಡಿಸುವುದು ನಿಧಾನವಾಗಿಯಾದರೂ ಬರುತ್ತದೆ. ನೆಟ್ಟಗಾಗುವುದು ಮೊದಲ ಕೆಲವು ವಾರಗಳಲ್ಲಿ ಬರದಿದ್ದರೆ ಒಳಗೆ ಗಾಯದ ಗಂಟು ಬೆಳೆದು ಕೀಲಿಗೆ ಅಡ್ಡ ಕೂರಬಹುದು. ಆಮೇಲೆ ಜೀವನವಿಡೀ ಸಣ್ಣ ಕುಂಟು, ಮಂಡಿಚಿಪ್ಪಿನ ನೋವು, ಇಲ್ಲವೇ ಮತ್ತೊಂದು ಶಸ್ತ್ರಚಿಕಿತ್ಸೆ.

ಇಲ್ಲೇ ಅತಿ ಸಾಮಾನ್ಯವಾದ ತಪ್ಪು ನಡೆಯುವುದು, ಅದೂ ಪ್ರೀತಿಯಿಂದ. ಮನೆಯವರು ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಡುತ್ತಾರೆ. ಕಾಲು ಸ್ವಲ್ಪ ಮಡಿಸಿಕೊಂಡು ಹಾಯಾಗಿರುತ್ತದೆ, ಒಳಗೆ ಹಾಗೆಯೇ ಬಿಗಿದುಕೊಳ್ಳುತ್ತದೆ. ಆ ದಿಂಬನ್ನು ಇಂದೇ ತೆಗೆಸಿ. ಕಾಲು ಎತ್ತರದಲ್ಲಿಡಬೇಕೆಂದರೆ ದಿಂಬು ಹಿಮ್ಮಡಿಯ ಕೆಳಗಿರಲಿ, ಮಂಡಿ ಗಾಳಿಯಲ್ಲಿ ತೂಗಲಿ.

ವ್ಯಾಯಾಮಗಳು ಇವು. ಟವೆಲ್ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಟ್ಟು, ಮಂಡಿ ತನ್ನ ಭಾರಕ್ಕೇ ಕೆಳಗಿಳಿಯಲು ಬಿಡಿ, 10 ನಿಮಿಷ, ದಿನಕ್ಕೆ 4-5 ಸಲ. ಹಾಗೆಯೇ ಮಲಗಿ ತೊಡೆಯ ಮುಂಭಾಗವನ್ನು ಬಿಗಿಹಿಡಿದು ಮಂಡಿಯನ್ನು ಹಾಸಿಗೆಗೆ ಒತ್ತಿ, 5 ಎಣಿಸಿ ಬಿಡಿ, 10 ಸಲ. ಇದನ್ನು ಎಚ್ಚರವಿದ್ದಾಗಲೆಲ್ಲ ಗಂಟೆಗೊಮ್ಮೆ ಮಾಡಬಹುದು. ಮೊದಲ ದಿನಗಳಲ್ಲಿ "ಬಿಗಿಹಿಡಿ" ಎಂದರೂ ತೊಡೆ ಕೇಳುವುದೇ ಇಲ್ಲ. ಗಾಬರಿಯಾಗಬೇಡಿ. ಕೀಲು ಊದಿದಾಗ ನರಗಳೇ ಆ ಸ್ನಾಯುವನ್ನು ತಡೆಹಿಡಿಯುತ್ತವೆ. ಇನ್ನೊಂದು ಕಾಲಿನ ತೊಡೆಯನ್ನೂ ಜೊತೆಗೆ ಬಿಗಿಹಿಡಿಯಿರಿ, ಮಂಡಿಚಿಪ್ಪಿನ ಮೇಲೆ ಬೆರಳಿಟ್ಟು ಅದು ಮೇಲಕ್ಕೆ ಜರುಗುವುದನ್ನು ಮುಟ್ಟಿ ನೋಡಿ. ನಿಧಾನವಾಗಿ ಕೇಳುತ್ತದೆ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಡಿಸುವುದನ್ನೂ ಮಾಡಿ, 2 ವಾರಕ್ಕೆ 90 ಡಿಗ್ರಿ ಬಂದರೆ ಸಾಕು. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ರಕ್ತ ಹೆಪ್ಪುಗಟ್ಟದಿರಲು ಅದು ಸಹಾಯಕ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ನೇರ ಚರ್ಮಕ್ಕೆ ಇಡಬೇಡಿ.

ಎಣ್ಣೆ ಹಚ್ಚಿ ನೀವುವುದು ಈಗ ಬೇಡವೇ ಬೇಡ. ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ನೀವಿದ ಒತ್ತಡಕ್ಕೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಬಲವಂತವಾಗಿ ಮಂಡಿ ಮಡಿಸಿ "ಲಟಕ್ ಎನಿಸುವ" ಚಿಕಿತ್ಸೆಯ ಹತ್ತಿರವೂ ಹೋಗಬೇಡಿ.

ಇವುಗಳಲ್ಲಿ ಯಾವುದೇ ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ: ಜ್ವರ, ಗಾಯದಿಂದ ಕೀವು ಅಥವಾ ನಿಲ್ಲದ ಸೋರಿಕೆ, ಮಂಡಿ ಕೆಂಪಾಗಿ ಬಿಸಿಯಾಗುವುದು, ಮೀನಖಂಡ ಒಂದೇ ಕಡೆ ಊದಿ ಕಲ್ಲಿನಂತೆ ಬಿಗಿಯುವುದು. ಎದೆನೋವು ಅಥವಾ ಇದ್ದಕ್ಕಿದ್ದಂತೆ ಉಸಿರುಗಟ್ಟಿದಂತಾದರೆ ತಕ್ಷಣ 108ಕ್ಕೆ ಕರೆ ಮಾಡಿ.

ಹಂತ 2: 2ರಿಂದ 12 ವಾರ. ಕುಂಟದೆ ನಡೆಯಿರಿ, ತೊಡೆ ಬೆಳೆಸಿ

ಊರುಗೋಲು ಬಿಡುವ ದಿನವನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ವೈದ್ಯರು ಭಾರ ಹಾಕಲು ಒಪ್ಪಿರಬೇಕು, ಮಂಡಿ ನೆಟ್ಟಗಿಟ್ಟು ಕಾಲನ್ನು ಮೇಲೆತ್ತಿದಾಗ ಅದು ಬಾಗಬಾರದು, ನಡೆಯುವಾಗ ಕುಂಟಬಾರದು. ಎರಡು ಊರುಗೋಲಿನಿಂದ ಒಂದಕ್ಕೆ ಬಂದಾಗ ಅದನ್ನು ಆಪರೇಷನ್ ಆಗದ ಕಾಲಿನ ಕಡೆ ಹಿಡಿಯಿರಿ. ಬಹಳ ಮಂದಿ ತಿರುಗುಮುರುಗು ಹಿಡಿಯುತ್ತಾರೆ.

ಮಂಡಿ ಸುಮಾರು 110 ಡಿಗ್ರಿ ಮಡಿಸುವಂತಾದರೆ ನಿಂತಲ್ಲೇ ತುಳಿಯುವ ಸೈಕಲ್ ಹತ್ತಬಹುದು. ಸೀಟು ಎತ್ತರಿಸಿ, ಭಾರವಿಲ್ಲದೆ 10 ನಿಮಿಷದಿಂದ ಶುರು ಮಾಡಿ. ರಸ್ತೆಯ ಸೈಕಲ್ ಈಗ ಬೇಡ, ಬಿದ್ದರೆ ಕಾಲು ಊರುವುದು ಯಾವ ಕೋನದಲ್ಲಿ ಎಂದು ಹೇಳಲಾಗುವುದಿಲ್ಲ.

ಈ ಹಂತದ ನಿಜವಾದ ಕೆಲಸ ತೊಡೆಯ ಸ್ನಾಯುವನ್ನು ಮರಳಿ ಬೆಳೆಸುವುದು. ಟೇಪು ತೆಗೆದುಕೊಂಡು ಮಂಡಿಚಿಪ್ಪಿನ ಮೇಲಂಚಿನಿಂದ 15 ಸೆಂಟಿಮೀಟರ್ ಮೇಲೆ ಪೆನ್ನಿನಿಂದ ಗುರುತು ಮಾಡಿ, ಎರಡೂ ತೊಡೆಗಳ ಸುತ್ತಳತೆ ಬರೆದಿಡಿ. ವ್ಯತ್ಯಾಸ ನೋಡಿ ನೀವೇ ಬೆಚ್ಚಿಬೀಳುತ್ತೀರಿ. ಪ್ಯಾಂಟಿನ ಒಂದು ಕಾಲು ಮಾತ್ರ ಸಡಿಲವಾಗಿದೆ ಎಂದು ಹೇಳಿಕೊಂಡು ಬರುವವರು ಬೇಕಾದಷ್ಟು ಮಂದಿ.

ಅರ್ಧ ಬಸ್ಕಿಯಿಂದ ಶುರು ಮಾಡಿ. ಕುರ್ಚಿಯ ಮುಂದೆ ನಿಂತು ಅದನ್ನು ಮುಟ್ಟುವವರೆಗೆ ಮಾತ್ರ ಇಳಿದು ಏಳಿ. ಜೊತೆಗೆ ಮಲಗಿ ಸೊಂಟ ಎತ್ತುವ ಸೇತುಬಂಧ, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತಿ ಇಳಿಯುವುದು, ಒಂಟಿಕಾಲಲ್ಲಿ ನಿಂತು ಸಮತೋಲನ. ಎರಡು ಕಾಲಿನಿಂದ ಸುಲಭವಾದ ಮೇಲೆ ಒಂದೇ ಕಾಲಿಗೆ ಹೋಗಿ. ಇಲ್ಲಿ ಒಂದು ಗುಟ್ಟಿದೆ. ಎರಡು ಕಾಲಲ್ಲಿ ಬಸ್ಕಿ ಹೊಡೆಯುವಾಗ ಮೈ ನಿಮಗೆ ಗೊತ್ತಾಗದಂತೆ ಭಾರವನ್ನೆಲ್ಲ ಒಳ್ಳೆಯ ಕಾಲಿಗೆ ದಾಟಿಸುತ್ತದೆ. ಕನ್ನಡಿಯ ಮುಂದೆ ನಿಂತು ಸೊಂಟ ಒಂದು ಬದಿಗೆ ವಾಲುತ್ತಿದೆಯೇ ನೋಡಿ, ಇಲ್ಲವೇ ಮನೆಯವರಿಂದ ಹಿಂದಿನಿಂದ ವಿಡಿಯೋ ತೆಗೆಸಿ.

ಆರೇಳು ವಾರ ಕಳೆದರೂ ಮಲಗಿ ಕಾಲೆತ್ತುವುದನ್ನೇ 100 ಸಲ ಮಾಡುತ್ತ ಕೂರುವವರನ್ನು ನೋಡಿದರೆ ಸಂಕಟವಾಗುತ್ತದೆ. ಅಷ್ಟು ಶ್ರಮಪಟ್ಟರೂ ತೊಡೆ ಬೆಳೆಯುವುದಿಲ್ಲ. ಸ್ನಾಯು ಬೆಳೆಯಲು ಭಾರ ಬೇಕು. 8ರಿಂದ 12 ಸಲ ಮಾಡಿದಾಗ ಕೊನೆಯ ಎರಡು ಕಷ್ಟವಾಗುವಷ್ಟು ಭಾರ, ಅಂಥ 3 ಸುತ್ತು, ವಾರಕ್ಕೆ 3 ದಿನ, ನಡುವೆ ಒಂದು ದಿನ ಬಿಡುವು. ಬೆನ್ನಚೀಲಕ್ಕೆ 2 ಕೆ.ಜಿ. ಅಕ್ಕಿಯಿಂದ ಆರಂಭಿಸಿ ಊತದ ಪರೀಕ್ಷೆ ಒಪ್ಪಿದಂತೆ ಏರಿಸಿ.

ಎರಡು ಎಚ್ಚರಿಕೆ. ಕಸಿಯನ್ನು ತೊಡೆಯ ಹಿಂಭಾಗದಿಂದ ತೆಗೆದಿದ್ದರೆ ಮೊದಲ 6-8 ವಾರ ಭಾರದ ವಿರುದ್ಧ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಎಳೆಯುವ ವ್ಯಾಯಾಮ ಬೇಡ, ಅಲ್ಲಿಯೂ ಒಂದು ಗಾಯ ಮಾಗುತ್ತಿದೆ. ಇನ್ನೊಂದು, ಜಿಮ್‌ನಲ್ಲಿ ಕುಳಿತು ಭಾರವನ್ನು ಮುಂದಕ್ಕೆ ಒದೆಯುವ ಯಂತ್ರ. ತೊಡೆಗೆ ಅದು ಬಹಳ ಒಳ್ಳೆಯದೇ, ಆದರೆ ಮಂಡಿ ನೆಟ್ಟಗಾಗುವ ಕೊನೆಯ ಭಾಗದಲ್ಲಿ ಅದು ಕಣಕಾಲಿನ ಮೂಳೆಯನ್ನು ಮುಂದಕ್ಕೆಳೆದು ಕಸಿಯನ್ನು ಜಗ್ಗುತ್ತದೆ. ಎಷ್ಟು ಕೋನದವರೆಗೆ, ಯಾವ ವಾರದಿಂದ ಎಂದು ಕೇಳಿಕೊಂಡೇ ಅದರ ಮೇಲೆ ಕುಳಿತುಕೊಳ್ಳಿ.

ಊಟದ ವಿಷಯವೂ ಇಲ್ಲೇ. ಬರೀ ಅನ್ನ ಸಾರಿನಿಂದ ತೊಡೆ ತುಂಬುವುದಿಲ್ಲ. ದಿನಕ್ಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ 1.2ರಿಂದ 1.6 ಗ್ರಾಂ ಪ್ರೊಟೀನ್ ಇರಲಿ, 60 ಕೆ.ಜಿ. ತೂಕದವರಿಗೆ ಸುಮಾರು 72ರಿಂದ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಮಾತ್ರ ಇರುತ್ತದೆ ಎಂದರೆ ಲೆಕ್ಕ ಸಿಗುತ್ತದೆ. ಮೊಳಕೆ ಹುರುಳಿ, ಕಡಲೆ, ಬೇಳೆ, ಶೇಂಗಾ, ಹಾಲು, ಮೊಸರು, ಮೀನು, ಕೋಳಿ, ನಿಮ್ಮ ಮನೆಯ ರೂಢಿಗೆ ಹೊಂದುವುದನ್ನು ಮೂರು ಹೊತ್ತಿಗೂ ಹಂಚಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ನೆಲದ ಮೇಲೆ ಕೂರುವುದು, ಗಾಡಿ ಓಡಿಸುವುದು

ಹೊರದೇಶದ ಮಾರ್ಗಸೂಚಿಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ, ನಮಗೆ ಇದೇ ದಿನನಿತ್ಯದ ಪ್ರಶ್ನೆ. ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ವಜ್ರಾಸನ, ನೆಲದ ಶೌಚಾಲಯ, ಇವೆಲ್ಲ ಕನಿಷ್ಠ 4 ತಿಂಗಳು ಬೇಡ. ಮೆನಿಸ್ಕಸ್ ಹೊಲಿದಿದ್ದರೆ 6 ತಿಂಗಳು ಎಂದಿಟ್ಟುಕೊಳ್ಳಿ. ಹಳ್ಳಿಮನೆಗಳಲ್ಲಿ ಕಮೋಡ್ ಇಲ್ಲದಿದ್ದರೆ ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಆಸ್ಪತ್ರೆಯಿಂದ ಬರುವ ಮೊದಲೇ ತಂದಿಡಿ. ಮಂಡಿಚಿಪ್ಪಿನ ಕೆಳಗಿನಿಂದ ಕಸಿ ತೆಗೆದವರಿಗೆ ಮಂಡಿಯೂರಿದಾಗ ನೋವು ಬಹುಕಾಲ ಉಳಿಯಬಹುದು. ನಮಾಜು ಮಾಡುವವರು, ನಮಸ್ಕಾರಕ್ಕೆ ಮಂಡಿಯೂರುವವರು, ಯಕ್ಷಗಾನದಲ್ಲಿ ಮಂಡಿ ಹಾಕಿ ಕುಣಿಯುವವರು ಇದನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ವೈದ್ಯರಿಗೆ ಹೇಳಿದರೆ ಕಸಿಯ ಆಯ್ಕೆಗೆ ಸಹಾಯವಾಗುತ್ತದೆ.

ಸ್ಕೂಟರ್ ವಿಷಯ: ಮೊದಲ 6 ವಾರ ಬೇಡವೇ ಬೇಡ, ನಂತರ ವೈದ್ಯರ ಒಪ್ಪಿಗೆ ಪಡೆದೇ ಹೊರಡಿ. ಗಾಡಿ ಓಡಿಸುವುದರಲ್ಲಿ ತೊಂದರೆಯಿಲ್ಲ, ಸಿಗ್ನಲ್‌ನಲ್ಲಿ ಗಾಡಿ ವಾಲಿದಾಗ ತಟ್ಟನೆ ಕಾಲು ಕೊಡುವುದರಲ್ಲಿ ಇದೆ. ಕಿಕ್ ಹೊಡೆಯುವ ಬೈಕನ್ನು ಇನ್ನೂ ತಿಂಗಳುಗಟ್ಟಲೆ ಮರೆತುಬಿಡಿ.

ಹಂತ 3: 3-4 ತಿಂಗಳ ನಂತರ. ಮೊದಲ ಓಟ

12 ವಾರ ತುಂಬಿತು ಎಂದ ಮಾತ್ರಕ್ಕೆ ಓಟ ಸಿಗುವುದಿಲ್ಲ. ಇವೆಲ್ಲ ಆಗಬೇಕು: ಮಂಡಿ ಇನ್ನೊಂದರಷ್ಟೇ ನೆಟ್ಟಗಾಗುತ್ತದೆ, ಊತದ ಅಲೆ ಇಲ್ಲ, 30 ನಿಮಿಷ ಬಿರುಸಾಗಿ ನಡೆದರೂ ಕುಂಟು ಬರುವುದಿಲ್ಲ, ಕುರ್ಚಿಯಿಂದ ಒಂಟಿಕಾಲಲ್ಲಿ 10 ಸಲ ಎದ್ದು ಕೂರಬಲ್ಲಿರಿ, ಒಂಟಿಕಾಲಲ್ಲಿ ಹಿಮ್ಮಡಿಯನ್ನು 20 ಸಲ ಎತ್ತಬಲ್ಲಿರಿ, ತೊಡೆಯ ಬಲ ಇನ್ನೊಂದರ 70%ಗೆ ಬಂದಿದೆ. ಮೆಟ್ಟಿಲಿನಿಂದ ನಿಧಾನವಾಗಿ ಒಂಟಿಕಾಲಲ್ಲಿ ಇಳಿಯುವಾಗ ಮಂಡಿ ಒಳಗಡೆಗೆ, ಹೆಬ್ಬೆರಳನ್ನೂ ದಾಟಿ ವಾಲುತ್ತಿದ್ದರೆ ಓಟವನ್ನು ಇನ್ನೂ 2-3 ವಾರ ಮುಂದಕ್ಕೆ ಹಾಕಿ. ಎಸಿಎಲ್ ಹರಿಯುವುದು ಸಾಮಾನ್ಯವಾಗಿ ಆ ಒಳವಾಲುವಿಕೆಯಲ್ಲೇ.

ಟಾರು ರಸ್ತೆ ಬಿಟ್ಟು ಶಾಲಾ ಮೈದಾನದ ಸಮತಟ್ಟಾದ ಮಣ್ಣನ್ನು ಆರಿಸಿಕೊಳ್ಳಿ, ಮಳೆ ಬಂದು ಜಾರುವಾಗ ಬೇಡ. 1 ನಿಮಿಷ ನಿಧಾನ ಓಟ, 2 ನಿಮಿಷ ನಡಿಗೆ, ಹೀಗೆ 6 ಸಲ. ದಿನ ಬಿಟ್ಟು ದಿನ. ಒಂದು ವಾರ ಅಲೆ ಬರದಿದ್ದರೆ ಓಟವನ್ನು 2 ನಿಮಿಷಕ್ಕೆ ಏರಿಸಿ. 20 ನಿಮಿಷ ಸತತವಾಗಿ ಓಡಲು ಆರೇಳು ವಾರ ಬೇಕಾಗಬಹುದು. ನೇರ ಓಟ ಮಾತ್ರ. ಕೊನೆಯಲ್ಲಿ ತಿರುಗುವಾಗ ನಿಂತು, ನಡೆದು ತಿರುಗಿ.

ಓಟ ಶುರುವಾಯಿತೆಂದು ಭಾರದ ವ್ಯಾಯಾಮ ನಿಲ್ಲಿಸುವವರು ಬಹಳ. ಓಟದಿಂದ ತೊಡೆ ಬೆಳೆಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಅಕ್ಕಿ ಚೀಲ ಬೆನ್ನ ಮೇಲಿರಲೇಬೇಕು.

ಹಂತ 4: 5ರಿಂದ 8 ತಿಂಗಳು. ನೆಗೆಯುವುದು, ತಿರುಗುವುದು

ನೆಗೆಯುವುದನ್ನು ಕಲಿಯುವ ಮೊದಲು ಇಳಿಯುವುದನ್ನು ಕಲಿಯಬೇಕು. 15-20 ಸೆಂಟಿಮೀಟರ್ ಎತ್ತರದ ಮೆಟ್ಟಿಲಿನಿಂದ ಎರಡೂ ಕಾಲಿಗೆ ಇಳಿದು, ಮಂಡಿ ಮಡಿಸಿ, ಮೂರು ಎಣಿಸುವವರೆಗೆ ಅಲ್ಲಾಡದೆ ನಿಲ್ಲಿ. ಕಿವಿಗೊಟ್ಟು ಕೇಳಿ: ಬೆಕ್ಕು ಇಳಿದಂತೆ ಸದ್ದಿಲ್ಲದೆ ಇಳಿದರೆ ಸ್ನಾಯುಗಳು ಭಾರ ಹಿಡಿದಿವೆ. ಧಪ್ ಎಂದರೆ ಮೂಳೆ, ರಜ್ಜುಗಳು ಹಿಡಿದಿವೆ. ಅದು ಮೆತ್ತಗಾದ ಮೇಲೆ ಎರಡು ಕಾಲಲ್ಲಿ ಮುಂದಕ್ಕೆ ನೆಗೆತ, ಆಮೇಲೆ ಒಂದು ಕಾಲಿನಿಂದ ಇನ್ನೊಂದಕ್ಕೆ, ಕೊನೆಗೆ ಅದೇ ಕಾಲಿನಿಂದ ಅದೇ ಕಾಲಿಗೆ. ಕುಂಟಾಬಿಲ್ಲೆಯ ಮನೆಗಳನ್ನು ನೆಲದ ಮೇಲೆ ಬರೆದುಕೊಂಡರೆ ಇದಕ್ಕಿಂತ ಒಳ್ಳೆಯ ಸಾಧನ ಬೇಡ.

ತಿರುಗುವಿಕೆಯೂ ಮೆಟ್ಟಿಲು ಮೆಟ್ಟಿಲಾಗಿ. ದೊಡ್ಡ ಎಂಟರ ಆಕಾರದಲ್ಲಿ ಓಟ, ನಂತರ ಆ ಎಂಟನ್ನು ಚಿಕ್ಕದು ಮಾಡುತ್ತ ಹೋಗುವುದು, 45 ಡಿಗ್ರಿ ತಿರುವು, 90 ಡಿಗ್ರಿ ತಿರುವು. ಇವೆಲ್ಲ ಮೊದಲೇ ಗೊತ್ತಿರುವ ತಿರುವುಗಳು. ಕೊನೆಗೆ ಗೆಳೆಯರೊಬ್ಬರು "ಎಡ", "ಬಲ" ಎಂದು ಕೂಗಿದಂತೆ ತಿರುಗಿ. ಪಂದ್ಯದಲ್ಲಿ ಎದುರಾಳಿ ಯಾವ ಕಡೆ ಹೋಗುತ್ತಾನೆಂದು ಮೊದಲೇ ಹೇಳುವುದಿಲ್ಲವಲ್ಲ. ಭರತನಾಟ್ಯದವರು ಅರೆಮಂಡಿಯನ್ನು ಈ ಹಂತದಲ್ಲಿ ಅರ್ಧ ಆಳದಿಂದ ಆರಂಭಿಸಲಿ. ಮಂಡಿ ಪಾದದ ಬೆರಳುಗಳ ದಿಕ್ಕಿಗೇ ತೆರೆಯಬೇಕು, ತಿರುವು ಸೊಂಟದಿಂದ ಬರಬೇಕು.

ಹಂತ 5: 9 ತಿಂಗಳು ತುಂಬಿದ ಮೇಲೆ. ಪರೀಕ್ಷೆ

ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಡೆಲವೇರ್‌ನ ಸಂಶೋಧಕರು ಎಸಿಎಲ್ ಶಸ್ತ್ರಚಿಕಿತ್ಸೆಯಾದ 106 ಮಂದಿಯನ್ನು 2 ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 9 ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ 51%ನಷ್ಟು ಇಳಿಯುತ್ತ ಹೋಯಿತು. ಬಲ ಮತ್ತು ನೆಗೆತದ ಪರೀಕ್ಷೆಗಳಲ್ಲಿ ಪಾಸಾಗದೆ ಆಟಕ್ಕೆ ಹೋದವರಲ್ಲಿ 38.2% ಮಂದಿಗೆ ಮತ್ತೆ ಪೆಟ್ಟಾಯಿತು, ಪಾಸಾಗಿ ಹೋದವರಲ್ಲಿ 5.6% ಮಂದಿಗೆ. ನಾನು 9 ತಿಂಗಳಿಗೆ ಹಟ ಹಿಡಿಯುವುದು ಈ ಕಾರಣಕ್ಕೆ. 20 ವರ್ಷದೊಳಗಿನವರಿಗೆ ಮತ್ತೆ ಹರಿಯುವ ಅಪಾಯ ಇನ್ನೂ ಹೆಚ್ಚು. ಅವರ ಪೋಷಕರು, ತರಬೇತುದಾರರು 12 ತಿಂಗಳು ಎಂದೇ ಲೆಕ್ಕ ಹಾಕಲಿ.

ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಒಳ್ಳೆಯ ಕಾಲಿನಿಂದ ಒಂದೇ ನೆಗೆತ ನೆಗೆದು, ಅದೇ ಕಾಲಲ್ಲಿ ಅಲ್ಲಾಡದೆ ನಿಂತು, ಹಿಮ್ಮಡಿ ಬಿದ್ದ ಜಾಗಕ್ಕೆ ಗುರುತು ಮಾಡಿ. ಮೂರು ಸಲದಲ್ಲಿ ಹೆಚ್ಚಿನದನ್ನು ಬರೆದುಕೊಳ್ಳಿ. ಈಗ ಆಪರೇಷನ್ ಆದ ಕಾಲು. ಒಳ್ಳೆಯ ಕಾಲು 150 ಸೆಂಟಿಮೀಟರ್ ನೆಗೆದಿದ್ದರೆ ಇದು ಕನಿಷ್ಠ 135 ನೆಗೆಯಬೇಕು, ಅಂದರೆ 90%. ಇದೇ ಲೆಕ್ಕ ಮೂರು ಸತತ ನೆಗೆತಕ್ಕೂ, ಗೆರೆಯ ಅತ್ತಿತ್ತ ದಾಟುತ್ತ ನೆಗೆಯುವುದಕ್ಕೂ, 6 ಮೀಟರ್ ದೂರವನ್ನು ಒಂಟಿಕಾಲಲ್ಲಿ ಕುಪ್ಪಳಿಸುವ ವೇಗಕ್ಕೂ.

ನೆಗೆತ ಪಾಸಾದರೂ ತೊಡೆಯ ಬಲ ಹಿಂದುಳಿದಿರುವುದುಂಟು, ಸೊಂಟ ಮತ್ತು ಪಾದದ ಕೀಲು ಸೇರಿ ಮಂಡಿಯ ಕೊರತೆಯನ್ನು ಮುಚ್ಚಿಬಿಡುತ್ತವೆ. ಆದ್ದರಿಂದ ತೊಡೆಯ ಬಲವನ್ನು ಬೇರೆಯಾಗಿ ಅಳೆಸಿ. ಬಲ ಅಳೆಯುವ ಉಪಕರಣ ಹತ್ತಿರದಲ್ಲಿ ಇಲ್ಲದಿದ್ದರೆ ಫಿಸಿಯೋಥೆರಪಿಸ್ಟ್ ಎದುರಿನಲ್ಲಿ ಜಿಮ್ ಯಂತ್ರದ ಮೇಲೆ ಒಂದೊಂದೇ ಕಾಲಿನಿಂದ ಎಷ್ಟು ಭಾರ ಎತ್ತಬಲ್ಲಿರಿ ಎಂದು ಹೋಲಿಸಿ, ಅಲ್ಲಿಯೂ 90% ಬೇಕು. ಇಷ್ಟು ತಿಂಗಳಲ್ಲಿ ಒಳ್ಳೆಯ ಕಾಲೂ ಸೊರಗಿರುತ್ತದೆ, ಅದನ್ನೂ ಬಲಪಡಿಸುತ್ತ ಬಂದಿದ್ದರೆ ಮಾತ್ರ ಈ ಹೋಲಿಕೆಗೆ ಅರ್ಥ.

ಕೊನೆಯ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು: ಪೆಟ್ಟು ಬಿದ್ದ ಆ ಚಲನೆಯನ್ನೇ ಮತ್ತೆ ಮಾಡುವಾಗ ಮಂಡಿಯ ಮೇಲೆ ಗಮನ ಹೋಗುತ್ತಿದೆಯೇ? ಹೋಗುತ್ತಿದ್ದರೆ ನಾಚಿಕೆಪಡಬೇಡಿ, ಭಯ ಸಹಜ. ಅದನ್ನು ನುಂಗಿಕೊಂಡು ಇಳಿಯುವ ಬದಲು, ಆ ಚಲನೆಯನ್ನು ನಿಧಾನಗತಿಯಲ್ಲಿ ನೂರಾರು ಸಲ ಮಾಡಿ. ರಿಷಭ್ ಪಂತ್ 2022ರ ಡಿಸೆಂಬರ್ 30ರಂದು ಕಾರು ಅಪಘಾತಕ್ಕೆ ಸಿಕ್ಕಿ, ಮಂಡಿಯ ಲಿಗಮೆಂಟ್ ಶಸ್ತ್ರಚಿಕಿತ್ಸೆಯಾಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತರಬೇತಿ ಪಡೆದು ಮತ್ತೆ ಪಂದ್ಯ ಆಡಿದ್ದು 2024ರ ಮಾರ್ಚ್‌ನಲ್ಲಿ. ದಿನವಿಡೀ ತಜ್ಞರು ಜೊತೆಗಿದ್ದ ಆಟಗಾರನಿಗೂ ಸುಮಾರು 15 ತಿಂಗಳು ಬೇಕಾಯಿತು.

ಹಂತ 6: ಅಂಗಳಕ್ಕೆ

ಪರೀಕ್ಷೆ ಪಾಸಾದ ಮರುದಿನ ಪಂದ್ಯವಿಲ್ಲ. ಮೊದಲ 2-3 ವಾರ ತಂಡದೊಂದಿಗೆ ಅಭ್ಯಾಸ, ಮೈ ತಾಗದಂತೆ. ಮುಂದಿನ 2-3 ವಾರ ಮೈ ತಾಗುವ ಅಭ್ಯಾಸ. ಕಬಡ್ಡಿಯವರು ಮೊದಲು ಬೋನಸ್ ಗೆರೆಯವರೆಗಿನ ಖಾಲಿ ರೈಡ್, ಆಮೇಲೆ ಒಬ್ಬ ಡಿಫೆಂಡರ್ ಎದುರು, ಕಾಲು ಹಿಡಿಯುವ ಪಟ್ಟುಗಳು ಎಲ್ಲಕ್ಕಿಂತ ಕೊನೆಗೆ. ಶಟಲ್‌ನವರು ಮೊದಲು ಅರ್ಧ ಅಂಕಣದಲ್ಲಿ ಆಡಲಿ. ಮೊದಲ ಪಂದ್ಯದಲ್ಲಿ 10-15 ನಿಮಿಷ ಸಾಕು ಎಂದು ನಾಯಕನಿಗೆ ಮೊದಲೇ ಹೇಳಿಡಿ, ಆಟದ ಬಿಸಿಯಲ್ಲಿ ಹೇಳಲು ಬಾಯಿ ಬರುವುದಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಮಂಡಿಪಟ್ಟಿ ಧೈರ್ಯ ಕೊಡುತ್ತದೆ, ಕಸಿಯನ್ನು ಕಾಯುವುದಿಲ್ಲ. ಪ್ರತಿ ಅಭ್ಯಾಸಕ್ಕೂ ಮುಂಚೆ 20 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಫುಟ್‌ಬಾಲ್ ಆಟಗಾರರಿಗಾಗಿ ರೂಪಿಸಿದ ಫಿಫಾ 11+ ಎಂಬ ಅಭ್ಯಾಸಕ್ರಮ ಬೇರೆ ಆಟದವರಿಗೂ ಒಗ್ಗುತ್ತದೆ, ತಂಡವೆಲ್ಲ ಸೇರಿ ಮಾಡಿದರೆ ಇನ್ನೂ ಒಳ್ಳೆಯದು. ತಂಡದಲ್ಲಿ ಹುಡುಗಿಯರಿದ್ದರೆ ಇದನ್ನು ಬಿಡಲೇಬೇಡಿ. ಒಂದೇ ಆಟ ಆಡಿದರೂ ಹುಡುಗಿಯರಲ್ಲಿ ಎಸಿಎಲ್ ಹರಿಯುವುದು ಹುಡುಗರಿಗಿಂತ ಹೆಚ್ಚು. ಒಮ್ಮೆ ಹರಿದವರಿಗೆ ಇನ್ನೊಂದು ಮಂಡಿಗೂ ಅಪಾಯ ಇರುವುದರಿಂದ ವಾರಕ್ಕೆ ಎರಡು ದಿನದ ಭಾರದ ವ್ಯಾಯಾಮ ಎರಡೂ ಕಾಲಿಗೆ, ಆಡುವಷ್ಟು ವರ್ಷವೂ ಇರಲಿ.

ಮೊದಲ ಪಂದ್ಯದ ಮರುದಿನ ಬೆಳಿಗ್ಗೆ ಹಾಸಿಗೆ ಬಿಡುವ ಮುನ್ನ ಅದೇ ಊತದ ಪರೀಕ್ಷೆ ಮಾಡಿ. ಅಲೆ ಇಲ್ಲದಿದ್ದರೆ ನೋಟ್‌ಬುಕ್‌ನಲ್ಲಿ ಬರೆದು ಎದ್ದೇಳಿ. ಸಣ್ಣ ಅಲೆ ಇದ್ದರೆ ಎರಡು ದಿನ ಬರೀ ಸೈಕಲ್ ತುಳಿಯಿರಿ. ಮೂರನೆಯ ದಿನವೂ ಅಲೆ ಹೋಗದಿದ್ದರೆ, ಅಥವಾ ನಡೆಯುವಾಗ ಮಂಡಿ ಒಮ್ಮೆಯಾದರೂ ಕುಸಿದಂತಾದರೆ, ಮುಂದಿನ ಪಂದ್ಯಕ್ಕೆ ಮುಂಚೆ ಶಸ್ತ್ರಚಿಕಿತ್ಸಕರಿಗೆ ತೋರಿಸಿ.